ನೋಡೋಣಂತ ಕಾಕಾ

ನಮ್ಮ ಕಾಕಾನಿಗೆ ತೊಟ್ಟಿಲಲ್ಲಿ ಇಟ್ಟ ಹೆಸರು ಬೇರೆ. ಆಧಾರ್ ಕಾರ್ಡಿನಲ್ಲೂ ಅದೇ ಇದೆ. ಆದರೆ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಈ ಮೂರೂ ಊರಿನ ಕಂಪ್ಯೂಟರ್ ಅಂಗಡಿ ಹುಡುಗರಿಗೆ ಅವರು ‘ನೋಡೋಣಂತ ಕಾಕಾ’. ಅಂಗಡಿ ಹೊಕ್ಕು, ಸ್ಟೂಲ್ ಎಳಕೊಂಡು ಕೂತು, ಲ್ಯಾಪ್‌ಟಾಪಿನ ಹೊಟ್ಟೆ ಬೆನ್ನು ಸವರಿ, ಮಗುಚಿ ಹಾಕಿ, ಅಂಗಡಿಯವರದೇ ಖರ್ಚಿನಲ್ಲಿ ಎರಡು ಚಹಾ ಮುಗಿಸಿ, ಕೊನೆಗೆ ಹೆಗಲ ಮೇಲಿನ ಟವೆಲ್ ಝಾಡಿಸಿ “ಆತು ತಮ್ಮಾ, ನೋಡೋಣಂತ” ಎಂದು ಎದ್ದುಬಿಡುವುದು ಅವರ ಕ್ರಮ. 2025ರ ಯುಗಾದಿಯಿಂದ ದೀಪಾವಳಿ ದಾಟುವವರೆಗೆ ಈ ಕ್ರಮಕ್ಕೆ ಭಂಗ ಬರಲಿಲ್ಲ.

ಇಂಥವರು ಎಲ್ಲ ಮನೆತನದಲ್ಲೂ ಒಬ್ಬರಿರುತ್ತಾರೆ. ಬೇಸಿಗೆಯಲ್ಲಿ ಫ್ಯಾನ್ ತರಲು ಹೋಗಿ ಮಳೆಗಾಲದಲ್ಲಿ ದರಪಟ್ಟಿ ಹಿಡಿದು ಬರುವವರು. ಕನ್ಯೆ ನೋಡಲು ಹೋದ ಮನೆಯಲ್ಲಿ ಉಪ್ಪಿಟ್ಟು ತಿಂದು, ಮುಂದಿನ ಊರಿನಲ್ಲಿ ಅವಲಕ್ಕಿ ತಿಂದು, ಎರಡನ್ನೂ ತೂಗುತ್ತ ತೂಗುತ್ತ ನಲವತ್ತು ದಾಟಿದವರು. ಅವರನ್ನು ಜಿಪುಣರೆನ್ನುವುದು ಅನ್ಯಾಯ. ಜಿಪುಣನಿಗೆ ದುಡ್ಡು ಬಿಡಲು ಮನಸ್ಸಿಲ್ಲ. ಇವರಿಗೆ ಬಿಡಲು ಮನಸ್ಸಾಗದಿರುವುದು ಆ ಇನ್ನೊಂದು ಮಾಲು.

ಕಾಕಾ ಮೊದಲಿನಿಂದಲೂ ಹೀಗಿದ್ದರೆ ನಾನು ಬರೆಯುತ್ತಿರಲಿಲ್ಲ. ಅವರು ಬ್ಯಾಡಗಿ ಎಪಿಎಂಸಿ ಯಾರ್ಡಿನ ಅಡತಿ ಅಂಗಡಿಯೊಂದರಲ್ಲಿ ಮೂವತ್ತನಾಲ್ಕು ವರ್ಷ ಗುಮಾಸ್ತಿಕೆ ಮಾಡಿದವರು. ಸೋಮವಾರ, ಗುರುವಾರ ಮೆಣಸಿನಕಾಯಿ ಬಜಾರ. ಸುಗ್ಗಿಯಲ್ಲಿ ಒಂದೊಂದು ದಿನ ಲಕ್ಷಕ್ಕೂ ಮಿಕ್ಕಿ ಚೀಲ ಬಂದು ಬೀಳುತ್ತವೆ, ಇಡೀ ಊರು ಸೀನುತ್ತದೆ. ಆ ಕೆಂಪು ಗುಡ್ಡಗಳ ನಡುವೆ ಕಾಕಾ ಚಪ್ಪಲಿ ಎಳೆಯುತ್ತ ಹೋಗಿ, ಒಂದು ಮುಷ್ಟಿ ಕಾಯಿ ಎತ್ತಿ, ಕಿವಿಯ ಹತ್ತಿರ ಒಮ್ಮೆ ಅಲುಗಿಸಿ, ಒಂದನ್ನು ಹೆಬ್ಬೆರಳಿನಿಂದ ಮಡಿಚಿ “ಡಬ್ಬಿ. ಹಸಿ ಐತಿ, ಇನ್ನ ಎರಡು ಬಿಸಲು ಬೇಕು” ಅಂದರೆ ಮುಗಿಯಿತು, ಎರಡನೇ ಮಾತಿಲ್ಲ. ಗಿಡ್ಡಗೆ, ಡುಮ್ಮಗೆ, ಹೊಟ್ಟೆ ತುಂಬ ಬೀಜ ಇಟ್ಟುಕೊಂಡದ್ದು ಡಬ್ಬಿ. ಉದ್ದಕ್ಕೆ, ಬಡಕಲಾಗಿ, ಮೈಯೆಲ್ಲ ಸುಕ್ಕಾಗಿ, ಬೀಜ ಕಡಿಮೆ ಇರುವುದು ಕಡ್ಡಿ. ಬ್ಯಾಡಗಿಯ ಹೆಸರು ಹೇಳಿಕೊಂಡು ಚೀಲದಲ್ಲಿ ಅಡಗಿ ಬಂದ ಗುಂಟೂರನ್ನು ಅವರು ವಾಸನೆಯಲ್ಲೇ ಹಿಡಿಯುತ್ತಿದ್ದರು. 2011ರಲ್ಲಿ ಬ್ಯಾಡಗಿ ಮೆಣಸಿನಕಾಯಿಗೆ ಭೌಗೋಳಿಕ ಸೂಚಕದ ಮಾನ್ಯತೆ ಬಂದಾಗ “ನಮ್ಮ ಹುಡುಗಗ ಈಗ ಜನ್ಮಪತ್ರ ಸಿಕ್ತು ನೋಡ್ರಿ” ಎಂದು ನಕ್ಕವರು.

ಲಕ್ಷಾಂತರ ರೂಪಾಯಿಯ ಮಾಲಿಗೆ ಎರಡು ಸೆಕೆಂಡು ಸಾಕಾಗುತ್ತಿದ್ದ ಈ ಮನುಷ್ಯನಿಗೆ ಮೂವತ್ತೈದು ಸಾವಿರದ ಲ್ಯಾಪ್‌ಟಾಪಿಗೆ ಎಂಟು ತಿಂಗಳು ಯಾಕೆ ಬೇಕಾಯಿತು ಎಂಬುದು ನನ್ನನ್ನು ಬಹಳ ಕಾಡಿತ್ತು. ಕೊನೆಗೆ ಹೊಳೆದದ್ದು ಇಷ್ಟು: ಡಬ್ಬಿಗೂ ಕಡ್ಡಿಗೂ ವ್ಯತ್ಯಾಸ ಇತ್ತು, ಕಣ್ಣಿಗೆ ಬೀಳುತ್ತಿತ್ತು, ಕೆಲಸ ಮುಗಿಯುತ್ತಿತ್ತು. ಇಲ್ಲಿ ವ್ಯತ್ಯಾಸವೇ ಇಲ್ಲ. ಇರುವುದನ್ನು ಹುಡುಕುವುದು ಸುಲಭ. ಇಲ್ಲದ್ದನ್ನು ಹುಡುಕಲು ಕೂತರೆ ಎಂಟು ತಿಂಗಳು ಕಡಿಮೆಯೇ.

ಲ್ಯಾಪ್‌ಟಾಪ್ ಬೇಕಾದದ್ದು ಮನೆಯ ಬಳಕೆಗೆ. ಬೆಂಗಳೂರಿನಲ್ಲಿರುವ ಮೊಮ್ಮಗಳ ಮುಖ ಮೊಬೈಲಿನಲ್ಲಿ ಚಿಗವ್ವನಿಗೆ ಸರಿಯಾಗಿ ಕಾಣುವುದಿಲ್ಲ, ಕಂಡರೂ ಹಣೆ ಮಾತ್ರ ಕಾಣುತ್ತದೆ. ಕಾಕಾನಿಗೆ ಪಹಣಿ ನೋಡಬೇಕು, ಹೆಸ್ಕಾಂ ಬಿಲ್ಲು ಕಟ್ಟಬೇಕು, ಧಾರಣೆ ನೋಡಿ ಮೂಗು ಮುರಿಯಬೇಕು, ಓಣಿಯವರ ಅರ್ಜಿಗಳನ್ನು ‘ನುಡಿ’ಯಲ್ಲಿ ಟೈಪ್ ಮಾಡಿಕೊಡಬೇಕು. “ಅಪ್ಪಾ, ನಾ ಇಲ್ಲಿಂದನ ಬುಕ್ ಮಾಡಿ ಕಳಸ್ತೀನಿ, ನಾಳಿಗೆ ಬರತೈತಿ” ಎಂದ ಮಗ. “ಮುಟ್ಟಿ ನೋಡದ ಮಾಲು ತೊಗೊಂಡಾವ ಉದ್ಧಾರ ಆಗಿಲ್ಲಪಾ” ಎಂದು ಕಾಕಾ ಆ ದಾರಿ ಮುಚ್ಚಿದರು. ನಾನು ರಾಣೆಬೆನ್ನೂರಿನ ಬೀಜದ ಕಂಪನಿಯೊಂದರಲ್ಲಿ ಲೆಕ್ಕ ಬರೆಯುವವನು. ದಿನಕ್ಕೆ ಎಂಟು ತಾಸು ಕಂಪ್ಯೂಟರಿನ ಮುಂದೆ ಕೂರುತ್ತೇನಾದ್ದರಿಂದ ನಮ್ಮ ಮನೆತನದಲ್ಲಿ ಕಂಪ್ಯೂಟರ್ ಪಂಡಿತ. ಹೀಗಾಗಿ ಮೊದಲ ಅಂಗಡಿಗೆ ನನ್ನನ್ನೇ ಎಳೆದುಕೊಂಡು ಹೋದರು.

“ಯಾವ ಕಂಪನೀದು?” ಎಂದರು ಕಾಕಾ.

“ಎಚ್‌ಪಿ ಐತ್ರಿ. ಎಚ್‌ಪಿ ಹದಿನೈದು” ಎಂದ ಹುಡುಗ.

ಕಾಕಾ ನನ್ನ ಕಡೆ ತಿರುಗಿದರು. “ಹೊಲದಾಗಿನ ಬೋರಿಗೇ ಏಳೂವರಿ ಎಚ್‌ಪಿ ಐತಿ. ಮನೀಗೆ ಹದಿನೈದು ಯಾತಕ್ಕಪಾ?”

ಹದಿನೈದು ಅಂದರೆ ಪರದೆಯ ಅಳತೆ, ಸರಿಯಾಗಿ ಹೇಳಬೇಕೆಂದರೆ 15.6 ಇಂಚು ಎಂದು ಹುಡುಗ ತಿದ್ದಿದ. ತಿದ್ದಬಾರದಿತ್ತು. ಕಾಕಾ ಜೇಬಿನಿಂದ ಟೇಪು ತೆಗೆದು ಪರದೆಗೆ ಅಡ್ಡ ಹಿಡಿದರು. ಹದಿಮೂರೂವರೆ ಚಿಲ್ಲರೆ. ಉದ್ದ ಹಿಡಿದರು. ಎಂಟು ಸಹ ದಾಟಲಿಲ್ಲ. “ಮೂಲಿಯಿಂದ ಮೂಲಿಗೆ ಅಳೀಬೇಕ್ರಿ ಅಜ್ಜಾರ” ಎಂದು ಹುಡುಗ ಟೇಪನ್ನು ಓರೆಯಾಗಿ ಹಿಡಿದು ತೋರಿಸಿದ. ಕಾಕಾ ಸ್ವಲ್ಪ ಹೊತ್ತು ಸುಮ್ಮನೆ ನಿಂತರು. “ಹೊಲಾನೂ ಹಿಂಗ ಮೂಲಿಯಿಂದ ಮೂಲಿಗೆ ಅಳದು ಬರಕೊಟ್ಟಿದ್ರ ನಾ ಇಷ್ಟೊತ್ತಿಗೆ ಜಮೀನ್ದಾರ ಆಗಿರ್ತಿದ್ನಿ” ಎಂದರು. ‘ಅಜ್ಜಾರ’ ಎಂದದ್ದಕ್ಕೆ ಬೇರೆ ಅವರಿಗೆ ಬೇಜಾರಾಗಿತ್ತು. ಮರುವಾರದಿಂದ ಹುಡುಗ ಕಾಕಾ ಎನ್ನತೊಡಗಿದ.

ಅಂದು ಹುಡುಗ ಎರಡು ಮಾದರಿ ಮುಂದಿಟ್ಟ. ಎರಡೂ ಬೆಳ್ಳಿ ಬಣ್ಣ, ಎರಡೂ ಒಂದೂ ಅರವತ್ತು ಕಿಲೋದ ಆಸುಪಾಸು, ಎರಡರಲ್ಲೂ 8 ಜಿಬಿ ರ‍್ಯಾಮ್, 512 ಜಿಬಿ ಜಾಗ. ಬೆಲೆಯಲ್ಲಿ 1,200 ರೂಪಾಯಿ ಹೆಚ್ಚು ಕಡಿಮೆ. ಹೆಸರುಗಳೋ, ಫೋನ್ ನಂಬರಿನಂತೆ ಉದ್ದ. ನೆನಪಿಡಲು ಸಾಧ್ಯವಿದ್ದ ಭಾಗ ಅಂದರೆ ಒಂದರ ಹೆಸರಿನಲ್ಲಿ ಎಫ್‌ಡಿ, ಇನ್ನೊಂದರಲ್ಲಿ ಎಫ್‌ಸಿ. ಎಫ್‌ಡಿ ಅಂದರೆ ಒಳಗೆ ಇಂಟೆಲ್ ಚಿಪ್ಪು, ಎಫ್‌ಸಿ ಅಂದರೆ ಎಎಂಡಿ ಚಿಪ್ಪು ಎಂದು ಹುಡುಗ ಹೇಳಿದ. ಕಾಕಾ ತಮ್ಮದೇ ಅರ್ಥ ಹಚ್ಚಿಕೊಂಡರು: “ಎಫ್‌ಡಿ ಅಂದ್ರ ಇಟ್ಟ ರೊಕ್ಕ ಎಲ್ಲೂ ಹೋಗಂಗಿಲ್ಲ. ಎಫ್‌ಸಿ ಅಂದ್ರ ವರ್ಷಾ ವರ್ಷಾ ಲಾರಿಗೆ ಮಾಡಸೂದು, ಓಡೂ ಗಾಡಿ. ಎರಡೂ ಬಿಡಂಗಿಲ್ಲ ನೋಡು.” ಹೀಗೆ ಹೆಸರಲ್ಲೇ ಮೊದಲ ತೊಡಕು ಬಿತ್ತು.

ಮನೆಗೆ ಹೋದವರೇ ಕಪಾಟಿನಿಂದ ಹಳೆಯ ಕಿರ್ದಿ ಪುಸ್ತಕ ತೆಗೆದರು. ಕೆಂಪು ಬಟ್ಟೆಯ ಬೈಂಡು, ಮೊದಲ ಅರ್ಧದಲ್ಲಿ ಯಾವುದೋ ಕಾಲದ ಮೆಣಸಿನಕಾಯಿ ಲೆಕ್ಕ. ಖಾಲಿ ಹಾಳೆಯ ನೆತ್ತಿಗೆ ‘ಶ್ರೀ’ ಬರೆದು, ನಡುವೆ ಗೆರೆ ಎಳೆದು, ಎಡಕ್ಕೆ ಎಫ್‌ಡಿ, ಬಲಕ್ಕೆ ಎಫ್‌ಸಿ. ಅಂದು ಇದ್ದದ್ದು ಆರು ಬಾಬು. ದಸರೆ ಹೊತ್ತಿಗೆ ಇಪ್ಪತ್ತೆರಡಾಗಿದ್ದವು. ಚಾರ್ಜರಿನ ವಯರಿನ ಉದ್ದ ಎಂಬುದಕ್ಕೂ ಒಂದು ಬಾಬು ಇತ್ತು.

ಮೂರೂ ಊರಿಗೆ ಕಾಕಾ ಒಂದೊಂದು ಪಾತ್ರ ಹಂಚಿದ್ದರು. ಮಾಲು ನೋಡಲು ರಾಣೆಬೆನ್ನೂರು. ಜ್ಞಾನಕ್ಕೆ ಹಾವೇರಿ, ಎಷ್ಟಾದರೂ 1997ರಿಂದ ಜಿಲ್ಲಾ ಕೇಂದ್ರ. ರಿಪೇರಿಯವನ ಬಾಯಿಂದ ಸತ್ಯ ತಿಳಿಯಲು ಬ್ಯಾಡಗಿ. ಬ್ಯಾಡಗಿಯ ಆ ಅಂಗಡಿ ಆರಡಿ ಅಗಲದ್ದು. ಅದರಲ್ಲೇ ಮೊಬೈಲ್ ರಿಚಾರ್ಜು, ಝೆರಾಕ್ಸು, ಆಧಾರ್ ಲ್ಯಾಮಿನೇಶನ್ನು. ಮೂಲೆಯಲ್ಲಿ ಕಣ್ಣಿಗೆ ಭೂತಗನ್ನಡಿ ಹಚ್ಚಿಕೊಂಡ ಒಬ್ಬ ಹುಡುಗ, ಸದಾ ಯಾರದೋ ಲ್ಯಾಪ್‌ಟಾಪಿನ ಕರುಳು ತೆಗೆದು ಇಟ್ಟುಕೊಂಡಿರುತ್ತಾನೆ.

ಹಾವೇರಿಯ ಅಂಗಡಿಯವರು ಪಾಠ ಹೇಳುವ ಉಮೇದಿನವರು. ಎಫ್‌ಡಿಯಲ್ಲಿರುವುದು ಕೋರ್ ಐ3-1315ಯು, ಹದಿಮೂರನೆಯ ತಲೆಮಾರು ಎಂದರು. “ನಮ್ಮ ಮನೆತನದಾಗ ಮುತ್ತ್ಯಾನ ಅಪ್ಪನ ಹೆಸರ ನನಗ ಗೊತ್ತಿಲ್ಲ. ಹದಿಮೂರು ತಲಿ ಹೇಳಾಕ ಹೆಳವರು ಎತ್ತು ಏರಿ ಬರಬೇಕು” ಎಂದರು ಕಾಕಾ. ಅದರಲ್ಲಿ ಆರು ಕೋರು, ಎರಡು ದೊಡ್ಡವು ಕೆಲಸ ಬಂದಾಗ ಎಳೆಯಲು, ನಾಲ್ಕು ಸಣ್ಣವು ಕರೆಂಟು ಉಳಿಸಲು. ಎಫ್‌ಸಿಯಲ್ಲಿರುವುದು ರೈಝೆನ್ 5 7520ಯು, ನಾಲ್ಕೇ ಕೋರು, ನಾಲ್ಕೂ ಒಂದೇ ಅಳತೆಯವು. ಕಾಕಾ ಕಿರ್ದಿಯಲ್ಲಿ ಬರೆದುಕೊಂಡದ್ದನ್ನು ನಾನು ಆಮೇಲೆ ನೋಡಿದೆ. ಎಡಕ್ಕೆ: ‘2 ಎತ್ತು, 4 ಕರ’. ಬಲಕ್ಕೆ: ‘4 ಎತ್ತು’. ಕೆಳಗೆ ಪ್ರಶ್ನೆ: ‘ಗಾಡಿ ಯಾವುದು ಹಗುರ?’

ಆಮೇಲೆ ಆ ಅಂಗಡಿಯವರು ಅಂಕಿಯ ಗುಟ್ಟು ಬಿಚ್ಚಿದರು. 7520 ಎಂಬಲ್ಲಿ ಮೊದಲ ಅಂಕಿ ಯಾವ ವರ್ಷದ ಸಾಲು ಎಂದು ಹೇಳುತ್ತದೆ, 7 ಅಂದರೆ 2023. ಎರಡನೆಯದು ದರ್ಜೆ. ಮೂರನೆಯದು ಒಳಗಿನ ವಿನ್ಯಾಸ ಎಂದಿನದು ಎನ್ನುವುದನ್ನು ಹೇಳುತ್ತದೆ. ಇಲ್ಲಿ 2, ಅಂದರೆ ‘ಝೆನ್ 2’, ಅದು ಮೊದಲು ಬಂದದ್ದು 2019ರಲ್ಲಿ. ಕಾಕಾ ಸ್ಟೂಲಿನಿಂದ ಎದ್ದೇ ನಿಂತರು.

“ಅಂದ್ರ ಮೂರನೇ ಅಂಕಿ ಹಲ್ಲು!”

ದನದ ಸಂತೆಗೆ ಹೋದವರಿಗೆ ಇದು ಬೇರೆ ಹೇಳಬೇಕಾಗಿಲ್ಲ. ಎತ್ತಿನ ವಯಸ್ಸು ಇರುವುದು ಬಾಯಲ್ಲಿ. ಎರಡು ಹಲ್ಲು, ನಾಲ್ಕು ಹಲ್ಲು, ಆರು ಹಲ್ಲು, ಆಮೇಲೆ ಬಾಯಿಗೂಡಿದ್ದು. ಮಾರುವವನು ಕೋಡು ಹೆರೆಸಿ, ಎಣ್ಣೆ ತೀಡಿ, ಬಣ್ಣ ಬಳಿದು, ಕೊರಳಿಗೆ ಗೆಜ್ಜೆ ಕಟ್ಟಿ ಮುದಿ ಎತ್ತನ್ನು ಮದುಮಗ ಮಾಡಿ ತಂದಿರುತ್ತಾನೆ. ಬಲ್ಲವನು ಗೆಜ್ಜೆ ನೋಡುವುದಿಲ್ಲ, ಕೆಳದುಟಿ ಎಳೆದು ನೋಡುತ್ತಾನೆ. ಅಂದಿನಿಂದ ಕಾಕಾ ಯಾವ ಅಂಗಡಿಗೆ ಹೋದರೂ ಮುಚ್ಚಿಟ್ಟ ಲ್ಯಾಪ್‌ಟಾಪ್ ತೋರಿಸಿ “ತಮ್ಮಾ, ಇದರ ಬಾಯಿ ತಗಿ” ಎನ್ನತೊಡಗಿದರು. ರಾಣೆಬೆನ್ನೂರಿನ ಹುಡುಗ ಮೊದಲ ಸಲ ಏನೂ ತಿಳಿಯದೆ ಸಿಡಿ ಹಾಕುವ ಕಿಂಡಿ ಹುಡುಕಿದನಂತೆ.

ಪರದೆಯ ಪರೀಕ್ಷೆಯನ್ನು ನಾನು ಕಣ್ಣಾರೆ ನೋಡಿದ್ದೇನೆ. ಕಾಕಾ ಅಂಗಿಯ ಎದೆಜೇಬಿನಿಂದ ಒಂದು ಡಬ್ಬಿ ಮೆಣಸಿನಕಾಯಿ ತೆಗೆದರು. ಒಣಗಿದ, ತೊಟ್ಟು ಸಹಿತ ಇದ್ದ, ಆ ವರ್ಷದ ಮೊದಲ ದರ್ಜೆಯ ಕಾಯಿ. ಅದನ್ನು ಎಫ್‌ಡಿಯ ಕೀಬೋರ್ಡಿನ ಮೇಲೆ ಮಲಗಿಸಿ, ಮೊಬೈಲಿನಲ್ಲಿ ಫೋಟೋ ಹೊಡೆಸಿ, ಅದೇ ಫೋಟೋವನ್ನು ಎರಡೂ ಪರದೆಯ ಮೇಲೆ ತರಿಸಿದರು. ಆಮೇಲೆ ಕಾಯಿಯನ್ನು ಎರಡು ಬೆರಳಲ್ಲಿ ಹಿಡಿದು ಪರದೆಯ ಪಕ್ಕಕ್ಕೆ ಒಯ್ದರು, ಹಿಂದಕ್ಕೆ ತಂದರು, ತಲೆ ಓರೆ ಮಾಡಿದರು, ಅಂಗಡಿಯ ಟ್ಯೂಬ್‌ಲೈಟ್ ಆರಿಸಲು ಹೇಳಿದರು. ಕೈಯಲ್ಲಿದ್ದ ಕಾಯಿ ಕೆಂಪು ಎಂದರೆ ಕುಂಕುಮ ಒಣಗಿ ಕಪ್ಪಿಟ್ಟಂಥ ಕೆಂಪು. ಎಡ ಪರದೆಯಲ್ಲಿ ಇಟ್ಟಂಗಿ, ಬಲ ಪರದೆಯಲ್ಲಿ ಮಳೆಯಲ್ಲಿ ನೆನೆದ ಇಟ್ಟಂಗಿ.

“ಏನೋ ಇದು? ಬ್ಯಾಡಗಿ ಕಾಯಿ ತಿನ್ನೂದು ಖಾರಕ್ಕಲ್ಲ, ಬಣ್ಣಕ್ಕ. ಹೊರದೇಶದಾಗ ಇದರ ರಸಾ ತಗದು ತುಟಿಗೆ ಹಚಗೊಳ್ಳಾಕ ಬಳಸ್ತಾರ. ನಿನ್ನ ಟಿವ್ಯಾಗ ನೋಡಿದ್ರ ರೋಗ ಬಡದಂಗ ಕಾಣತೈತಿ.”

ಈ ಬೆಲೆಗೆ ಬಹುತೇಕ ಪರದೆಗಳು ಹೀಗೇ ಇರುತ್ತವೆ, 250 ನಿಟ್ಸ್ ಬೆಳಕು, ಬಣ್ಣ ನೂರಕ್ಕೆ 45 ಎಂದು ಹುಡುಗ ಒಪ್ಪಿಕೊಂಡ. ನೂರಕ್ಕೆ ನಲವತ್ತೈದು ಎಂದ ಕೂಡಲೇ ಕಾಕಾ ಮೆತ್ತಗಾದರು. “ನಾನೂ ಎಸ್ಸೆಸ್ಸೆಲ್ಸಿಯಾಗ ಅಷ್ಟ ತಗದಿದ್ನಿ. ಪಾಸ್ ಬಿಡು” ಎಂದರು. ಕಿರ್ದಿಯಲ್ಲಿ ಎರಡೂ ಕಡೆ ‘ಪಾಸ್’ ಎಂದು ಬಿತ್ತು. ಇನ್ನೊಂದು ಬಾಬು, ಇನ್ನೊಂದು ಸಮ. ಮೆಣಸಿನಕಾಯಿ ಜೇಬಿಗೆ ಹೋಯಿತು. ಹುಡುಗ ಕೀಬೋರ್ಡ್ ಒರೆಸಿ ಅದೇ ಕೈಯಿಂದ ಕಣ್ಣು ಉಜ್ಜಿಕೊಂಡ.

ಖರ್ಚಿನ ಲೆಕ್ಕ ಹಾಕಿದವರು ಚಿಗವ್ವ. ಆಷಾಢದ ಹೊತ್ತಿಗೆ ಕಾಕಾ ಮೂರು ಊರು ತಿರುಗಿದ ಬಸ್ ಟಿಕೆಟ್ಟಿನ ಬಾಬತ್ತು 1,140 ರೂಪಾಯಿ ಆಗಿತ್ತು. ಎರಡು ಲ್ಯಾಪ್‌ಟಾಪಿನ ನಡುವಿನ ವ್ಯತ್ಯಾಸಕ್ಕೆ ಇನ್ನು ಅರವತ್ತು ರೂಪಾಯಿ ಕಡಿಮೆ. ಕಾಕಾ ಇದಕ್ಕೂ ಪರಿಹಾರ ಕಂಡುಕೊಂಡರು. 2023ರ ಜೂನಿನಿಂದ ಹೆಣ್ಣುಮಕ್ಕಳಿಗೆ ಸಾರಿಗೆ ಬಸ್ಸಿನಲ್ಲಿ ಟಿಕೆಟ್ ಇಲ್ಲವಲ್ಲ! ದರ ಕೇಳಿ ಬರುವ ಕೆಲಸ ಚಿಗವ್ವನ ಪಾಲಿಗೆ ಬಂತು. ‘ಶಕ್ತಿ’ ಯೋಜನೆ ತಂದವರು ಧರ್ಮಸ್ಥಳ, ಸವದತ್ತಿ ಯಲ್ಲಮ್ಮನ ಬಗ್ಗೆ ಯೋಚಿಸಿದ್ದಾರು, ಎಫ್‌ಡಿ ಎಫ್‌ಸಿಯ ಬಗ್ಗೆ ಯೋಚಿಸಿರಲಾರರು.

ಚಿಗವ್ವ ಮೋಟೆಬೆನ್ನೂರು ಮೇಲೆ ಹಾವೇರಿಗೆ ಹೋಗಿ, ಸಂಜೆ ಬಂದು ಕಟ್ಟೆಯ ಮೇಲೆ ಕೂತು ವರದಿ ಒಪ್ಪಿಸಿದರು. ಅಂಗಡಿಯ ಹುಡುಗನ ತಾಯಿ ಹಾನಗಲ್ಲಿನವಳು. ಅಕ್ಕನನ್ನು ಶಿಗ್ಗಾವಿಗೆ ಕೊಟ್ಟಿದ್ದಾರೆ. ಹುಡುಗನಿಗೆ ಕನ್ಯೆ ನೋಡುತ್ತಿದ್ದಾರೆ, ನಮ್ಮ ಓಣಿಯಲ್ಲೇ ಒಂದು ಇದೆ. “ದರಾ?” ಎಂದರು ಕಾಕಾ. “ಅದನ್ನ ಕೇಳಾಕ ಆಗಲಿಲ್ಲ. ಆ ಬಲಗಡಿದರ ಬಟನ್ ಭಾಳ ಮೆತ್ತಗ ಅದಾವ ನೋಡ್ರಿ, ಹಿಟ್ಟು ಒತ್ತಿದಂಗ ಆಗತೈತಿ” ಎಂದರು ಚಿಗವ್ವ. ಹತ್ತೊಂಬತ್ತನೆಯ ಬಾಬು: ‘ಬಟನ್, ಮೆತ್ತಗೆ’. ಅಂದೇ ಅವರು ಹಾವೇರಿಯಿಂದ ಒಂದು ಏಲಕ್ಕಿ ಹಾರವನ್ನೂ ತಂದಿದ್ದರು, ಲ್ಯಾಪ್‌ಟಾಪ್ ಬಂದ ದಿನ ಪೂಜೆಗೆ ಇರಲಿ ಎಂದು. ಹಾರವನ್ನು ದೇವರ ಕೋಣೆಯ ಮೊಳೆಗೆ ಸಿಕ್ಕಿಸಿದರು. ಮೊದಲ ತಿಂಗಳು ಆ ಮನೆಯಲ್ಲಿ ನೀರಿಗೂ ಪಾಯಸದ ವಾಸನೆ ಬರುತ್ತಿತ್ತು.

ಅಷ್ಟರಲ್ಲಿ ಕಾಕಾನ ಕೀರ್ತಿ ಹಬ್ಬಿತ್ತು. ಓಣಿಯ ಹೈಸ್ಕೂಲ್ ಮಾಸ್ತರರು, ಅಂಗನವಾಡಿ ಟೀಚರಮ್ಮನ ಮಗ, ಕೋಲ್ಡ್ ಸ್ಟೋರೇಜಿನ ಮ್ಯಾನೇಜರು, ಹೀಗೆ ಏಳು ಮಂದಿ ಅವರ ಕಿರ್ದಿ ಓದಿಸಿಕೊಂಡು ಹೋಗಿ ಲ್ಯಾಪ್‌ಟಾಪ್ ಕೊಂಡರು. ಒಬ್ಬೊಬ್ಬರೂ ಪೇಡೆ ತಂದುಕೊಟ್ಟರು. ಇನ್ನೊಬ್ಬರ ವಿಷಯದಲ್ಲಿ ಕಾಕಾ ಹಳೆಯ ಯಾರ್ಡಿನ ಕಾಕಾನೇ. “ಬರೀ ಮನೀ ಕೆಲಸೇನು? ದೊಡ್ಡ ಚಿಪ್ಪಿಗೆ ರೊಕ್ಕ ಹಾಕಬ್ಯಾಡ, ಅದೇ ರೊಕ್ಕ ರ‍್ಯಾಮಿಗೆ ಹಾಕು. ಹಳೇ ತಿರಗೂ ಡಿಸ್ಕ್ ಇದ್ದದ್ದು ಪುಕ್ಕಟೆ ಕೊಟ್ರೂ ಬ್ಯಾಡ, ಎಸ್‌ಎಸ್‌ಡಿನ ಇರಲಿ. ಪರದೆ ಫುಲ್ ಎಚ್‌ಡಿ ಐತಿಲ್ಲೋ ನೋಡು.” ಎರಡು ನಿಮಿಷ. ನಾನು ಕಂಪನಿಯಲ್ಲಿ ಕಂಪ್ಯೂಟರ್ ಕೊಳ್ಳುವವರಿಂದ ಇದಕ್ಕಿಂತ ಚೊಕ್ಕ ಸಲಹೆ ಕೇಳಿಲ್ಲ. ತಮ್ಮದೆಂದು ಬಂದ ಕೂಡಲೇ ಮಾತ್ರ ಟವೆಲ್ ಝಾಡಿಸಿ ಎದ್ದುಬಿಡುತ್ತಿದ್ದರು.

ನಿಜವಾದ ವ್ಯತ್ಯಾಸವೊಂದು ಎದುರಾದದ್ದು ಶ್ರಾವಣದಲ್ಲಿ, ಅದೂ ಬ್ಯಾಡಗಿಯ ಆ ಭೂತಗನ್ನಡಿಯ ಹುಡುಗನಿಂದ. ಅವನು ತಲೆಯನ್ನೂ ಎತ್ತದೆ ಹೇಳಿದ: “ಎಫ್‌ಸಿಯೊಳಗಿನ ಆ ಚಿಪ್ಪಿಗೆ ರ‍್ಯಾಮ್ ಬೋರ್ಡಿಗೇ ಬೆಸಗಿ ಹಾಕಿರ್ತಾರ ಕಾಕಾ. ಎಂಟು ಅಂದ್ರ ಸಾಯೂತನಾ ಎಂಟ. ನಾ ಬಿಚ್ಚಿ ನೋಡಿದ ಎಫ್‌ಡಿಯಾಗ ರ‍್ಯಾಮ್ ಹಾಕೂ ಜಾಗಾ ಐತಿ. ನಾಳೆ ಬೇಕಾದ್ರ ಹದಿನಾರು ಮಾಡಬಹುದು.”

ನನಗೆ ಮೈ ಜುಮ್ಮೆಂದಿತು. ನಾಲ್ಕು ತಿಂಗಳು ಹುಡುಕಿದ್ದು ಸಿಕ್ಕಿತ್ತು. ಇವತ್ತು ತೆಗೆದುಕೊಂಡ ಯಂತ್ರ ಐದಾರು ವರ್ಷ ಬಾಳಬೇಕಾದರೆ ಇದಕ್ಕಿಂತ ದೊಡ್ಡ ಮಾತಿಲ್ಲ. “ಕಾಕಾ, ಮುಗೀತು. ನಡ್ರಿ, ಎಫ್‌ಡಿ ತರೂಣು” ಎಂದೆ. ಕಾಕಾ ನನ್ನನ್ನು ಕನಿಕರದಿಂದ ನೋಡಿ, ಕನ್ನಡಕ ಏರಿಸಿ, ಕಿರ್ದಿಯಲ್ಲಿ ಬರೆದುಕೊಂಡರು. “ಅವಸರ ಮಾಡಬ್ಯಾಡ ತಮ್ಮಾ. ಇದೊಂದು ಬಾಬು ಆತು. ಇನ್ನ ಇಪ್ಪತ್ತು ಅದಾವ.” ಅವರ ಪುಸ್ತಕದಲ್ಲಿ ಬೆಸುಗೆ ಹಾಕಿದ ರ‍್ಯಾಮಿಗೂ ಮೆತ್ತನೆಯ ಬಟನ್ನಿಗೂ ಒಂದೊಂದೇ ಗೆರೆ. ಎಫ್‌ಡಿಗೆ ರ‍್ಯಾಮು, ಎಫ್‌ಸಿಗೆ ಬಟನ್ನು. ಮತ್ತೆ ಸಮ.

ಆಮೇಲೆ ಜಿಎಸ್‌ಟಿ ಬಂತು. 2025ರ ಸೆಪ್ಟೆಂಬರ್ 22ರಿಂದ ಸಾಮಾನುಗಳು ಅಗ್ಗವಾಗುತ್ತವೆ ಎಂದು ಪೇಪರಿನಲ್ಲಿ ಓದಿ ಕಾಕಾ ಅಲ್ಲಿಯ ತನಕ ಅಂಗಡಿಗಳ ಕಡೆ ತಲೆಹಾಕಲಿಲ್ಲ. ಅಂದು ಬೆಳಿಗ್ಗೆ ಮಡಿ ಅಂಗಿ ಹಾಕಿಕೊಂಡು ಹೋದರು. ದೊಡ್ಡ ಟಿವಿಗೆ 28 ಇದ್ದದ್ದು 18 ಆಗಿತ್ತು, ಎಸಿಗೂ ಹಾಗೇ. ಲ್ಯಾಪ್‌ಟಾಪಿಗೆ ಮೊದಲಿನಿಂದಲೂ 18 ಇತ್ತು, ಈಗಲೂ 18. “ಮತ್ತ ಇಷ್ಟು ದಿನಾ ನನ್ನ ಯಾಕ ಕಾಯಿಸಿದ್ರಿ?” ಎಂದು ಅಂಗಡಿಯವನನ್ನೇ ಕೇಳಿದರಂತೆ.

ಕಾಯುವುದು ಬ್ಯಾಡಗಿಯವರ ರಕ್ತದಲ್ಲೇ ಇದೆ. ದರ ಬಿದ್ದಾಗ ಕಾಯಿಯನ್ನು ಕೋಲ್ಡ್ ಸ್ಟೋರೇಜಿಗೆ ಹಾಕಿ ಏರುವ ತನಕ ಕೂರುವುದು ಅಲ್ಲಿಯ ವ್ಯಾಪಾರದ ಅರ್ಧ. ಇನ್ನರ್ಧ, ಏರುತ್ತದೆಂದು ಕೂತಾಗ ಇನ್ನೂ ಬೀಳುವುದು. ಕಾಕಾ ಇಳಿಯಲೆಂದು ಕೂತರು, ಮಾಲು ಏರಿತು. ಎಐ ಎಂದು ಜಗತ್ತೆಲ್ಲ ಡೇಟಾ ಸೆಂಟರ್ ಕಟ್ಟುವ ಭರದಲ್ಲಿ ಮೆಮೊರಿ ಚಿಪ್ಪುಗಳನ್ನೆಲ್ಲ ದೊಡ್ಡ ಕಂಪನಿಗಳೇ ಬಾಚಿಕೊಂಡು, ಆ ವರ್ಷದ ಕೊನೆಗೆ ರ‍್ಯಾಮಿನ ದರ ಎಲ್ಲೆಡೆ ಜಿಗಿಯಿತು. ಅಮೆರಿಕದಲ್ಲಿ ಯಾರೋ ಯಂತ್ರದ ಜೊತೆ ಹರಟಿದರೆ ಬ್ಯಾಡಗಿಯಲ್ಲಿ ನಮ್ಮ ಕಾಕಾನ ಲ್ಯಾಪ್‌ಟಾಪ್ ತುಟ್ಟಿಯಾಗುವುದು ಹೇಗೆಂದು ಚಿಗವ್ವನಿಗೆ ತಿಳಿಸಿ ಹೇಳಲು ನನ್ನಿಂದ ಆಗಲೇ ಇಲ್ಲ.

ದೀಪಾವಳಿ ಮುಗಿದು, ಹಳ್ಳಿ ಹಳ್ಳಿಯಲ್ಲಿ ಕೊಬ್ಬರಿ ಹೋರಿ ಓಡಿಸುವ ಹಬ್ಬ ಶುರುವಾಗಿದ್ದ ಹೊತ್ತಿಗೆ ರಾಣೆಬೆನ್ನೂರಿನ ಹುಡುಗ ಫೋನ್ ಮಾಡಿದ. ಹಳೆಯ ಎಫ್‌ಡಿ ಖಾಲಿ. ಹೊಸದು ಬಂದಿದೆ, ಚಿಪ್ಪಿನ ಹೆಸರು ‘ಕೋರ್ 3 100ಯು’, ಮೂರು ಸಾವಿರ ಹೆಚ್ಚು. ಇಬ್ಬರೂ ಹೋದೆವು. ಕಾಕಾ ಕಿರ್ದಿ ಬಿಚ್ಚಿ ಒಂದೊಂದಾಗಿ ಕೇಳಿದರು. ಕೋರು ಎಷ್ಟು? ಆರು. ದೊಡ್ಡವು? ಎರಡು. ಸಣ್ಣವು? ನಾಲ್ಕು. ಓಟ? ಹಳೆಯದು 4.5 ಗಿಗಾಹರ್ಟ್ಸ್, ಇದು 4.7. ಕಾಕಾ ಪುಸ್ತಕ ಮುಚ್ಚಿದರು.

“ಇದು ಅದೇ ಹೋರಿ ಅಲ್ಲೇನೋ? ಕೋಡಿಗೆ ಹೊಸಾ ಬಣ್ಣ ಹಚ್ಚಿ, ಜೂಲಾ ಹಾಕಿ, ಬ್ಯಾರೆ ಹೆಸರಿಟ್ಟು ಅಖಾಡಕ್ಕ ಬಿಟ್ಟಾರ.”

ಹುಡುಗ ಮಾತಾಡಲಿಲ್ಲ. ಮಾತಾಡಿದ್ದು ಗಲ್ಲೆಯ ಹಿಂದೆ ಇಷ್ಟು ದಿನವೂ ಸುಮ್ಮನೆ ಎಲೆ ಅಡಿಕೆ ಜಗಿಯುತ್ತ ಕೂತಿರುತ್ತಿದ್ದ ಹಿರಿಯರು, ಅಂಗಡಿ ಮಾಲೀಕನ ತಂದೆ. “ಖರೇ ಹೇಳಿದ್ರಿ ನೋಡ್ರಿ” ಎಂದರು. ಅವರು ಒಂದು ಕಾಲಕ್ಕೆ ದನದ ದಲಾಲರಾಗಿದ್ದವರಂತೆ. ಕಾಕಾ ಅವರನ್ನು ಮೊದಲ ಸಲ ನೋಡುವವರಂತೆ ನೋಡಿದರು. ನಂತರ ನಡೆದದ್ದಕ್ಕೆ ನಾನೇ ಸಾಕ್ಷಿ, ಆದರೆ ಕಂಡದ್ದೇನೂ ಇಲ್ಲ. ಕಾಕಾ ಹೆಗಲ ಮೇಲಿನ ಟವೆಲ್ ತೆಗೆದರು. ಝಾಡಿಸುತ್ತಾರೆ, ಎದ್ದು ಹೋಗುತ್ತೇವೆ ಎಂದು ನಾನು ಚಪ್ಪಲಿ ಮೆಟ್ಟಿದೆ. ಅವರು ಝಾಡಿಸಲಿಲ್ಲ. ಬಲಗೈ ಮೇಲೆ ಹೊದಿಸಿ ಗಲ್ಲೆಯ ಮೇಲಿಂದ ಚಾಚಿದರು. ಹಿರಿಯರು ಎಲೆ ಅಡಿಕೆಯ ಕೈ ಒರೆಸಿಕೊಂಡು ಟವೆಲ್ಲಿನ ಕೆಳಗೆ ಕೈ ಹಾಕಿದರು.

ಟವೆಲ್ ಅಲುಗಿತು. ಕಾಕಾ ಯಾವುದೋ ಬೆರಳು ಹಿಡಿದರು, ಬಿಟ್ಟರು. ಹಿರಿಯರು ತಲೆ ಅಡ್ಡಡ್ಡ ಆಡಿಸಿ ಇನ್ನೇನೋ ಹಿಡಿದರು. ಗೋಡೆಯ ಮೇಲಿನ ಸಿಸಿ ಕ್ಯಾಮೆರಾ ಎಲ್ಲವನ್ನೂ ನೋಡುತ್ತಿತ್ತು, ಟವೆಲ್ಲಿನ ಒಳಗೆ ಬಿಟ್ಟು. ಹುಡುಗ ಕ್ಯಾಲ್ಕುಲೇಟರ್ ಹಿಡಿದುಕೊಂಡು ಬಾಯಿ ತೆರೆದು ನಿಂತಿದ್ದ. ಒಂದು ನಿಮಿಷವೂ ಆಗಿರಲಿಕ್ಕಿಲ್ಲ, ಹಿರಿಯರು ಕೈ ಹೊರತೆಗೆದು “ಪ್ಯಾಕ್ ಮಾಡೋ” ಎಂದರು.

ಬಿಲ್ಲನ್ನು ಕಾಕಾ ನಾಲ್ಕು ಮಡಿಕೆ ಮಾಡಿ ಮೆಣಸಿನಕಾಯಿಯ ಜೊತೆ ಎದೆಜೇಬಿಗೆ ಇಟ್ಟುಕೊಂಡರು. ಎಷ್ಟಕ್ಕೆ ಎಂದು ಬಸ್ ಸ್ಟ್ಯಾಂಡ್ ತನಕ ಕೇಳಿದೆ. “ಟಾವೆಲ್ಲಿನ ಕೆಳಗಿಂದು ಟಾವೆಲ್ಲಿನ ಕೆಳಗ ಇರಬೇಕು” ಎಂದರು. ಚಿಗವ್ವನಿಗೂ ಇವತ್ತಿಗೂ ಗೊತ್ತಿಲ್ಲ.

ಮುಂದಿನ ಸೋಮವಾರ ಬ್ಯಾಡಗಿಗೆ ಹೋದೆ. ಲ್ಯಾಪ್‌ಟಾಪ್ ದೇವರ ಕೋಣೆಯ ಮಣೆಯ ಮೇಲಿತ್ತು. ಐದು ತಿಂಗಳು ಮೊಳೆಯ ಮೇಲೆ ತೂಗಿ ವಾಸನೆಯೆಲ್ಲ ಹಾರಿಹೋಗಿದ್ದ ಏಲಕ್ಕಿ ಹಾರ ಪರದೆಯ ಮೂಲೆಗೆ ಜೋತಿತ್ತು. ಮೊಮ್ಮಗಳ ಮುಖ ಈಗ ಪೂರ್ತಿ ಕಾಣುತ್ತದೆಂದು ಚಿಗವ್ವ ಹೇಳಿದರು, ಆದರೆ ಈಗ ಅತ್ತಲಿನವರಿಗೆ ಚಿಗವ್ವನ ಹಣೆ ಮಾತ್ರ ಕಾಣುತ್ತದಂತೆ. ಕಾಕಾ ಗಂಭೀರವಾಗಿದ್ದರು. “512 ಅಂತ ಬರದಾರ, ಒಳಗ ನೋಡಿದ್ರ 476 ಐತಿ. 36 ಎಲ್ಲಿ ಹೋತು?” ಕಂಪನಿಯವರು ಸಾವಿರಕ್ಕೆ ಒಂದರಂತೆ ಎಣಿಸುತ್ತಾರೆ, ವಿಂಡೋಸ್ 1,024ಕ್ಕೆ ಒಂದರಂತೆ ಎಣಿಸುತ್ತದೆ, ಮಾಲು ಅಷ್ಟೇ ಇದೆ, ತಕ್ಕಡಿ ಎರಡು ಎಂದು ವಿವರಿಸಿದೆ. ಕಾಕಾನ ಮುಖ ನಿಧಾನಕ್ಕೆ ಅರಳಿತು. “ಸೂಟು! ಚೀಲಕ್ಕ ಎರಡು ಕಿಲೋ ಸೂಟು ಮುರಕೊಂಡಂಗ. ಅಮೆರಿಕಾದಾವ್ರೂ ಯಾರ್ಡಿನಾಗ ಕಲತ ಹೋಗ್ಯಾರ ಬಿಡು” ಎಂದು ಮನಸಾರೆ ನಕ್ಕರು. ಮೋಸ ಹೋದ ದುಃಖ ಅಲ್ಲಿರಲಿಲ್ಲ. ಬಳಗದವರು ಸಿಕ್ಕ ಸಂತೋಷ ಇತ್ತು.

ಹೊರಡುವಾಗ ಬಾಗಿಲ ತನಕ ಬಂದು, ಚಿಗವ್ವನಿಗೆ ಕೇಳಿಸದ ಹಾಗೆ ನನ್ನ ಭುಜದ ಮೇಲೆ ಕೈ ಇಟ್ಟರು.

“ತಮ್ಮಾ, ನೀನೂ ಒಂದು ತೊಗೊಳ್ಳೂದೈತಿ ಅಂತಿದ್ದಿಲ್ಲ. ನನ್ನ ಕೇಳಿದ್ರ ನೀ ಆ ಎಫ್‌ಸಿ ತೊಗೋ. ಅದರ ಬಟನ್ ಭಾಳ ಮೆತ್ತಗ ಅದಾವ.”